ಮಳೆ ಜೋರಾದ ದಿನವೇ ಏಳದ ಚಿಪ್

ಹೋದ ವರ್ಷ ಜುಲೈನಲ್ಲಿ ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿ "ಪುಟ್ಟಿ, ನಿನ್ ಮಿಷಿನ್ನು ಇವತ್ತೂ ಎದ್ದಿಲ್ಲ ಕಣವ್ವ" ಅಂದ್ರು. ಮಿಷಿನ್ನು ಅಂದ್ರೆ ತೋಟದಲ್ಲಿ ನಾನು ಕಟ್ಟಿಟ್ಟಿದ್ದ, ಸೋಲಾರಲ್ಲಿ ನಡೆಯೋ ಮಳೆ ಮಾಪಕ. ನಾನು ಬೆಂಗಳೂರಲ್ಲಿ ಆಫೀಸ್ ಕ್ಯಾಬಲ್ಲಿದ್ದೆ, ಸಿಲ್ಕ್ ಬೋರ್ಡ್ ಹತ್ರ ಗಾಡಿ ನಿಂತಿತ್ತು. ಏನೋ ಕೆಟ್ಟಿರ್ಬೇಕು ಬಿಡಪ್ಪ, ಬಂದಾಗ ನೋಡ್ತೀನಿ ಅಂದೆ. ಅದಕ್ಕೆ ಅಪ್ಪ "ಕೆಟ್ಟಿಲ್ಲ, ವೈರ್ ಕಿತ್ತು ತಿರ್ಗ ಸಿಕ್ಸಿದೆ, ತಕ್ಷಣ ಹಸಿರು ಲೈಟ್ ಬಂತು, ತಾನಾಗೆ ಏಳಲ್ಲ, ಎಬ್ಬಿಸಿದ್ರೆ ಏಳತ್ತೆ" ಅಂದ್ರು. ಇಡೀ ಸಮಸ್ಯೆ ಆ ಒಂದು ಮಾತಲ್ಲೇ ಇತ್ತು. ಅದು ನಂಗೆ ಪೂರ್ತಿ ಅರ್ಥ ಆಗೋಕೆ ಮೂರು ವಾರ ಹಿಡೀತು.

ನಮ್ಮದು ಹಾಸನ ಜಿಲ್ಲೆ, ಸಕಲೇಶಪುರ ತಾಲ್ಲೂಕು. ಸಣ್ಣ ಕಾಫಿ ತೋಟ, ಮರಕ್ಕೆಲ್ಲ ಮೆಣಸು ಹಬ್ಸಿದೆ. ನಮ್ ಕಡೆ ತೋಟದವರಿಗೆ ಮಳೆ ಲೆಕ್ಕ ಅಂದ್ರೆ ಬಹಳ ಮುಖ್ಯ, ಇಂಚು ಸೆಂಟಲ್ಲೇ ಮಾತಾಡ್ತಾರೆ, ನಿಮ್ಮಲ್ಲೆಷ್ಟಾಯ್ತು ಅಂದ್ರೆ ಎರಡಿಂಚು ಹತ್ ಸೆಂಟ್ ಅಂತಾರೆ, ನೂರು ಸೆಂಟಿಗೆ ಒಂದಿಂಚು. ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಡಬ್ಬದ ನೀರನ್ನ ಗಾಜಿನ ಜಾರಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಉದ್ದನೆ ರಿಜಿಸ್ಟರಲ್ಲಿ ಬರೀತಾರೆ. ಜ್ವರ ಬಂದ್ರೂ ಬರೀತಾರೆ. ನಾನು ಹುಟ್ಟೋಕೆ ಮುಂಚಿನ ರಿಜಿಸ್ಟರ್‌ಗಳೂ ಅಟ್ಟದ ಮೇಲಿವೆ.

ನಾನು ಮಾಡೋದು ಪವರ್ ಮ್ಯಾನೇಜ್ಮೆಂಟ್ ಐಸಿ ಡಿಸೈನ್, ಅಂದ್ರೆ ಕರೆಂಟ್ ಹಂಚೋ ಚಿಪ್ಪುಗಳ ಡಿಸೈನ್. ನಮ್ಮ ಟೀಮ್ ಡಿಸೈನ್ ಮಾಡಿದ ಒಂದು ಚಿಪ್ಪಿನ ಸ್ಯಾಂಪಲ್ ಫ್ಯಾಬಿಂದ, ಅಂದ್ರೆ ಚಿಪ್ ಮಾಡೋ ಕಾರ್ಖಾನೆಯಿಂದ, ಬಂದಿತ್ತು, ಚಿಕ್ಕ ಸೋಲಾರ್ ಪ್ಯಾನೆಲ್ಲಿಂದ ಕರೆಂಟ್ ತಗೊಂಡು ಬ್ಯಾಟರಿ ಬದಲು ಚಾರ್ಜ್ ಹಿಡಿದಿಡೋ ಸೂಪರ್ ಕೆಪಾಸಿಟರ್ ತುಂಬಿಸಿ ಸೆನ್ಸರ್ ನಡೆಸೋ ಚಿಪ್ಪು. ಅದನ್ನ ಹಾಕಿ ನಾನು ಮತ್ತೆ ನನ್ನ ಕಲೀಗ್ ಸೇರ್ಕೊಂಡು ಒಂದು ಮಳೆ ಮಾಪಕ ಕಟ್ಟಿದ್ವಿ. ಒಳಗೆ ಏತದ ಥರ ಆ ಕಡೆ ಈ ಕಡೆ ಮಗುಚೋ ಪುಟ್ಟ ಬಕೆಟ್ಟು, ಒಂದು ಸಲ ಮಗುಚಿದ್ರೆ ಒಂದು ಸೆಂಟ್ ಮಳೆ ಅಂತ ಲೆಕ್ಕ, ಗಂಟೆಗೊಂದ್ಸಲ ಲೋರಾ ಅನ್ನೋ ಕಮ್ಮಿ ಕರೆಂಟಿನ ರೇಡಿಯೋದಲ್ಲಿ ಮನೆಗೆ ಡೇಟಾ ಕಳ್ಸತ್ತೆ. ಲ್ಯಾಬಲ್ಲಿ ಎರಡು ತಿಂಗಳು ಚೆನ್ನಾಗಿ ನಡೆದಿತ್ತು. ತೋಟದ ಕೆಳಗಿನ ಪಟ್ಟೀಲಿ, ಸಿಲ್ವರ್ ಓಕ್ ಮರಗಳ ನಡುವೆ ಕಂಬಕ್ಕೆ ಕಟ್ಟಿ ಬಂದೆ.

ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ 41 ದಿನದ ಡೇಟಾ ತೆಗೆದು ಅಪ್ಪನ ರಿಜಿಸ್ಟರ್ ಫೋಟೋ ಜೊತೆ ಇಟ್ಟು ನೋಡಿದೆ. 9 ದಿನ ನಮ್ಮ ಮಾಪಕದ್ದು ಖಾಲಿ. ಅಪ್ಪನ ರಿಜಿಸ್ಟರಲ್ಲಿ ಅದೇ 9 ದಿನದ ಎದುರಿಗೆ ಮೂರಿಂಚು, ನಾಲ್ಕಿಂಚು ಅಂತ ಇದೆ. ಮಳೆ ಅಳೆಯೋಕೆ ಅಂತ ಇಟ್ಟಿರೋ ಯಂತ್ರ ಮಳೆ ಜೋರಾದ ದಿನವೇ ಮಲಗಿದ್ರೆ ಅದನ್ನ ಇಟ್ಟು ಪ್ರಯೋಜನ ಏನು? ತುಂಬಾ ಬೇಜಾರಾಯ್ತು. ಆ ಚಿಪ್ಪಲ್ಲಿ ಸ್ಟಾರ್ಟ್ ಆಗೋ ಭಾಗ ಬರೆದಿದ್ದವಳೇ ನಾನು.

ಮುಂದಿಂದು ಹೇಳೋಕೆ ಮುಂಚೆ ಈ ಕೆಲಸ ಏನು ಅಂತ ಸ್ವಲ್ಪ ಹೇಳ್ಬೇಕು, ಮದುವೆ ಮನೇಲಿ ಯಾರಾದ್ರೂ ಕೇಳಿದಾಗ ನಂಗೆ ಅರ್ಧ ನಿಮಿಷದಲ್ಲಿ ಹೇಳೋಕೆ ಬರಲ್ಲ, ಇಲ್ಲಿ ಜಾಗ ಇದೆ.

ಮೊಬೈಲ್ ಬ್ಯಾಟರಿ ಫುಲ್ ಇದ್ದಾಗ ಸುಮಾರು 4.2 ವೋಲ್ಟ್ ಇರತ್ತೆ, ಖಾಲಿ ಆಗ್ತಾ ಆಗ್ತಾ 3 ವೋಲ್ಟ್ ಹತ್ರ ಬರತ್ತೆ. ಆದ್ರೆ ಒಳಗಿರೋ ಪ್ರೊಸೆಸರ್‌ಗೆ ಬೇಕಿರೋದು 1 ವೋಲ್ಟ್ ಆಸುಪಾಸು, ಮೆಮೊರಿಗೆ ಇನ್ನೊಂದು, ಡಿಸ್ಪ್ಲೇಗೆ ಮತ್ತೊಂದು, ಕ್ಯಾಮೆರಾಗೆ ಬೇರೇನೇ. ಒಂದೇ ಕೆರೆ, ಹತ್ತು ಗದ್ದೆ. ಹಳೇ ಊರುಗಳಲ್ಲಿ ನೀರಗಂಟಿ ಅಂತ ಒಬ್ಬ ಇರ್ತಿದ್ದ, ತೂಬು ಎತ್ತೋದು ಇಳಿಸೋದು ಅವನ ಕೆಲಸ, ಯಾರ ಗದ್ದೆಗೆ ಮೊದಲು, ಯಾರಿಗೆ ಎಷ್ಟು ಹೊತ್ತು, ಕೆರೇಲಿ ನೀರು ತಳ ಕಂಡ್ರೆ ಯಾರಿಗೂ ಬಿಡಬಾರದು, ಎಲ್ಲಾ ಅವನೇ ನೋಡ್ಕೊಳ್ತಿದ್ದ. ಪವರ್ ಮ್ಯಾನೇಜ್ಮೆಂಟ್ ಚಿಪ್ ಅಂದ್ರೆ ಬೋರ್ಡಿನ ಮೇಲಿನ ನೀರಗಂಟಿ. ಸೀಕ್ವೆನ್ಸಿಂಗ್ ಅಂತೀವಿ, ಯಾವ ವೋಲ್ಟೇಜ್ ಮೊದಲು ಏರ್ಬೇಕು ಯಾವುದು ಆಮೇಲೆ, ಅದು ತಪ್ಪಿದ್ರೆ ಪ್ರೊಸೆಸರ್ ಬೂಟೇ ಆಗಲ್ಲ, ಕೆಲವು ಸಲ ಸುಟ್ಟೂ ಹೋಗ್ಬಹುದು.

ವೋಲ್ಟೇಜ್ ಇಳಿಸೋಕೆ ಮುಖ್ಯವಾಗಿ ಎರಡು ದಾರಿ. ಎಲ್‌ಡಿಒ (ಲೋ ಡ್ರಾಪ್ಔಟ್ ರೆಗ್ಯುಲೇಟರ್) ಅನ್ನೋದು ತೂಬನ್ನ ಅರ್ಧ ತೆಗೆದಿಟ್ಟ ಹಾಗೆ, ಟ್ರಾನ್ಸಿಸ್ಟರ್ ಅಡ್ಡ ನಿಂತು ಹೆಚ್ಚಿನ ವೋಲ್ಟೇಜನ್ನ ತಾನೇ ತಿಂದು ಬಿಸಿ ಮಾಡಿ ಬಿಡತ್ತೆ, 5 ವೋಲ್ಟಿಂದ 1.8 ಮಾಡಿದ್ರೆ ಶೇಕಡ 36 ಮಾತ್ರ ಕೆಲಸಕ್ಕೆ ಬರತ್ತೆ, ಮಿಕ್ಕಿದ್ದು ಶಾಖ. ಬಕ್ ಕನ್ವರ್ಟರ್ ಹಾಗಲ್ಲ, ತೂಬನ್ನ ಪೂರ್ತಿ ತೆಗೆಯೋದು ಪೂರ್ತಿ ಮುಚ್ಚೋದು, ಸೆಕೆಂಡಿಗೆ ಹತ್ತು ಲಕ್ಷ ಸಲ, ಇಂಡಕ್ಟರ್ ಕೆಪಾಸಿಟರ್ ಸೇರಿ ಆ ಏರಿಳಿತಾನ ಸಮ ಮಾಡ್ತಾವೆ, ಹಾಗಾಗಿ ಶೇಕಡ 90ಕ್ಕಿಂತ ಜಾಸ್ತಿ ಉಳಿಸಬಹುದು. ಬಕ್ ಅಷ್ಟು ಚೆನ್ನಾಗಿದ್ರೆ ಎಲ್‌ಡಿಒ ಯಾಕೆ ಅಂತ ಇಂಟರ್ನ್‌ಗಳು ಕೇಳ್ತಾರೆ. ಬಕ್ ಗಲಾಟೆ ಮಾಡತ್ತೆ, ಔಟ್‌ಪುಟ್ಟಲ್ಲಿ ರಿಪಲ್, ಅಂದ್ರೆ ಸಣ್ಣ ಅಲೆಗಳ ಥರದ ಏರಿಳಿತ, ಇರತ್ತೆ, ರೇಡಿಯೋ, ಮೈಕು, ಸೆನ್ಸರ್‌ಗಳಿಗೆ ಎಲ್‌ಡಿಒ ಕೊಡೋ ನಿಶ್ಶಬ್ದ ಬೇಕು.

ಆದ್ರೆ ಈ ಎರಡರಲ್ಲೂ ಹಿಂದೆ ಕೂತಿರೋದು ಒಂದು ಅಳತೆಗೋಲು. 1.8 ವೋಲ್ಟ್ ಬಂತಾ ಇಲ್ವಾ ಅಂತ ಹೋಲ್ಸಿ ನೋಡೋಕೆ ಅಲ್ಲಾಡದ ಒಂದು ವೋಲ್ಟೇಜ್ ಬೇಕಲ್ಲ, ಚಳಿಗೂ ಬಿಸಿಗೂ ಬದಲಾಗದೇ ಇರೋದು. ಅದಕ್ಕೆ ಬ್ಯಾಂಡ್‌ಗ್ಯಾಪ್ ಅಂತೀವಿ. ನನ್ನ ಪಾಲಿಗೆ ಇಡೀ ಅನಲಾಗ್ ಡಿಸೈನಲ್ಲಿ ಇದಕ್ಕಿಂತ ಚಂದದ್ದು ಇಲ್ಲ. 1971ರಲ್ಲಿ ಬಾಬ್ ವಿಡ್ಲರ್, 1974ರಲ್ಲಿ ಪಾಲ್ ಬ್ರೋಕಾ ಅನ್ನೋ ಎಂಜಿನಿಯರುಗಳು ತೋರ್ಸಿಕೊಟ್ಟ ದಾರೀನೇ ಇವತ್ತೂ ಹೆಚ್ಚುಕಮ್ಮಿ ಎಲ್ಲರೂ ಹಿಡಿದಿರೋದು. ಬೈಪೋಲಾರ್ ಟ್ರಾನ್ಸಿಸ್ಟರಿನ ಬೇಸ್, ಎಮಿಟರ್ ಅನ್ನೋ ಎರಡು ಕಾಲಿನ ನಡುವಿನ ವೋಲ್ಟೇಜ್ ಸುಮಾರು 0.65 ವೋಲ್ಟ್, ಒಂದು ಡಿಗ್ರಿ ಬಿಸಿ ಏರಿದ್ರೆ ಅದು ಹತ್ರ ಹತ್ರ 2 ಮಿಲಿವೋಲ್ಟ್ ಇಳಿಯತ್ತೆ. ಒಂದೇ ಕರೆಂಟನ್ನ ಒಂದು ಟ್ರಾನ್ಸಿಸ್ಟರಿಗೆ ಒಂದು ಕಡೆ, ಎಂಟು ಟ್ರಾನ್ಸಿಸ್ಟರಿಗೆ ಹಂಚಿ ಇನ್ನೊಂದು ಕಡೆ ಬಿಟ್ರೆ ಎರಡರ ನಡುವೆ ಸುಮಾರು 54 ಮಿಲಿವೋಲ್ಟ್ ವ್ಯತ್ಯಾಸ ಬರತ್ತೆ, ಇದು ಬಿಸಿ ಏರಿದ್ರೆ ತಾನೂ ಏರತ್ತೆ. ಇದನ್ನ ಹನ್ನೊಂದರ ಹತ್ರ ಪಟ್ಟು ಮಾಡಿ ಮೊದಲಿನದಕ್ಕೆ ಕೂಡಿಸಿ. ಇಳಿಯೋದೂ ಏರೋದೂ ಒಂದನ್ನೊಂದು ಸರಿದೂಗಿಸಿ 1.2 ವೋಲ್ಟ್ ಆಸುಪಾಸಲ್ಲಿ ನಿಲ್ಲತ್ತೆ. ಮಂಜಲ್ಲೂ ಅಷ್ಟೇ, ಕಾರಿನ ಬಾನೆಟ್ ಕೆಳಗಿನ ಬಿಸೀಲೂ ಅಷ್ಟೇ.

ಆ ಒಂಬತ್ತು ಟ್ರಾನ್ಸಿಸ್ಟರನ್ನ ಲೇಔಟಲ್ಲಿ, ಅಂದ್ರೆ ಚಿಪ್ಪಿನ ನಕ್ಷೇಲಿ, ಇಡೋ ರೀತಿ ನೋಡಿದ್ರೆ ನಂಗೆ ನಮ್ಮೂರ ದೇವಸ್ಥಾನದ ನವಗ್ರಹ ಕಟ್ಟೆ ನೆನಪಾಗತ್ತೆ. ಸೂರ್ಯ ಮಧ್ಯ, ಸುತ್ತ ಎಂಟು. ಒಂಟಿ ಟ್ರಾನ್ಸಿಸ್ಟರ್ ನಡುವೆ, ಮಿಕ್ಕ ಎಂಟು ಸುತ್ತಲೂ. ಸಿಲಿಕಾನಲ್ಲಿ ಆ ಕಡೆಯಿಂದ ಈ ಕಡೆಗೆ ಹೋಗ್ತಾ ಸಣ್ಣ ಸಣ್ಣ ವ್ಯತ್ಯಾಸ ಇರ್ತಾವೆ, ಒಂದು ಕಡೆ ಪವರ್ ಟ್ರಾನ್ಸಿಸ್ಟರ್ ಇದ್ರೆ ಆ ಕಡೆ ಬಿಸಿ ಜಾಸ್ತಿ, ಹೀಗೆ ಸುತ್ತುಗಟ್ಟಿ ಇಟ್ಟಾಗ ಎಡಕ್ಕಾಗಿದ್ದು ಬಲಕ್ಕಾಗಿದ್ದಕ್ಕೆ ವಜಾ ಆಗತ್ತೆ. ನಾನು ಮೊದಲ ಸಲ ಕೈಯಾರೆ ಅದನ್ನ ಲೇಔಟ್ ಮಾಡಿದ ದಿನ ಸ್ಕ್ರೀನ್‌ಶಾಟ್ ತೆಗೆದು ಅಮ್ಮಂಗೆ ಕಳಿಸಿದ್ದೆ, ಅಮ್ಮ ರಂಗೋಲಿ ಚೆನ್ನಾಗಿದೆ ಅಂದ್ರು.

ಈಗ ಸಮಸ್ಯೆಗೆ ಬರ್ತೀನಿ. ಬ್ಯಾಂಡ್‌ಗ್ಯಾಪ್ ಸರ್ಕ್ಯೂಟ್ ತನ್ನ ಕರೆಂಟನ್ನ ತಾನೇ ಹುಟ್ಟಿಸ್ಕೊಳ್ಳತ್ತೆ. ಕರೆಂಟ್ ಹರೀತಿದ್ರೆ ವೋಲ್ಟೇಜ್ ಹುಟ್ಟತ್ತೆ, ಆ ವೋಲ್ಟೇಜೇ ಕರೆಂಟನ್ನ ಹರ್ಸತ್ತೆ. ಹಾಗಿದ್ಮೇಲೆ ಕರೆಂಟೇ ಇಲ್ದಿದ್ರೆ? ವೋಲ್ಟೇಜ್ ಸೊನ್ನೆ, ಕರೆಂಟೂ ಸೊನ್ನೆ, ಅದೂ ಆ ಸರ್ಕ್ಯೂಟಿಗೆ ನೆಮ್ಮದಿಯ ಸ್ಥಿತೀನೇ. ಸಪ್ಲೈ ಬಂದಿದ್ರೂ ಮಲಗೇ ಇರ್ಬಹುದು. ಅದಕ್ಕೇ ಸ್ಟಾರ್ಟಪ್ ಸರ್ಕ್ಯೂಟ್ ಅಂತ ಪಕ್ಕದಲ್ಲಿ ಒಂದು ಇಡ್ತೀವಿ, ಬೆಳಿಗ್ಗೆ ಮಕ್ಕಳನ್ನ ಎಬ್ಬಿಸೋ ಹಾಗೆ ಒಂದು ಸಲ ಅಲ್ಲಾಡಿಸಿ ಎಬ್ಬಿಸಿ ಆಮೇಲೆ ದೂರ ಸರಿಯೋದು ಅದರ ಕೆಲಸ.

ಇದನ್ನ ಮಾಡೋಕೆ ಸುಮಾರು ರೀತಿ ಇದಾವೆ. ಸದಾ ಸ್ವಲ್ಪ ಕರೆಂಟ್ ಸೋರೋ ಒಂದು ದಾರಿ ಇಟ್ರೆ ಅದು ಯಾವತ್ತಿದ್ರೂ ಎಬ್ಬಿಸತ್ತೆ, ಆದ್ರೆ ಆ ಸೋರಿಕೆಗೆ ಕರೆಂಟ್ ಖರ್ಚು. ನಮ್ಮ ಚಿಪ್ಪಿನ ಗುರಿ ಇದ್ದದ್ದು ಸುಮ್ನೆ ಇದ್ದಾಗ 600 ನ್ಯಾನೋ ಆಂಪ್ ಒಳಗೆ. ಇದು ಎಷ್ಟು ಅಂತ ಅಂದಾಜಿಗೆ ಹೇಳ್ತೀನಿ, ತಕ್ಕಡಿ, ಕಾರ್ ಕೀನಲ್ಲಿ ಹಾಕೋ ಸಿಆರ್ 2032 ಬಿಲ್ಲೆ ಬ್ಯಾಟರಿ ಸುಮಾರು 220 ಮಿಲಿ ಆಂಪ್ ಅವರ್, ಅದರಿಂದ ಬರೀ 1 ಮೈಕ್ರೋ ಆಂಪ್, ಅಂದ್ರೆ 1000 ನ್ಯಾನೋ ಆಂಪ್, ಎಳೆದ್ರೆ ಲೆಕ್ಕದ ಪ್ರಕಾರ 25 ವರ್ಷ ಬರತ್ತೆ, ನಾವು ಅದಕ್ಕಿಂತ ಕಮ್ಮೀಲಿ ಬದುಕ್ಬೇಕಿತ್ತು. ಹಾಗಾಗಿ ಹತ್ತು ನ್ಯಾನೋ ಆಂಪಿಗೂ ಮೀಟಿಂಗಲ್ಲಿ ಜಗಳ. ನಾನು ಸೋರಿಕೆ ದಾರಿ ಬಿಟ್ಟು 5 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇಟ್ಟೆ. ಸಪ್ಲೈ ದಿಢೀರ್ ಅಂತ ಏರಿದಾಗ ಕೆಪಾಸಿಟರ್ ಮೂಲಕ ಒಂದು ತಟ್ಟು ಬೀಳತ್ತೆ, ಬ್ಯಾಂಡ್‌ಗ್ಯಾಪ್ ಏಳತ್ತೆ, ಆಮೇಲೆ ಅದರದ್ದು ಖರ್ಚೇ ಇಲ್ಲ. ರಿವ್ಯೂನಲ್ಲಿ ಎಲ್ಲರೂ ಒಪ್ಪಿದ್ರು. ನಂಗೂ ಹೆಮ್ಮೆ ಇತ್ತು.

ಆಗಸ್ಟ್ ಎರಡನೇ ವಾರ ರಜ ಹಾಕಿ ಊರಿಗೆ ಹೋದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಅಪ್ಪ ಟಾರ್ಚ್, ಛತ್ರಿ ಹಿಡ್ಕೊಂಡು ನಿಂತ್ರು, ನಾನು ಗೋಣಿಚೀಲ ಹಾಸ್ಕೊಂಡು ಕಂಬದ ಬುಡದಲ್ಲಿ ಕೂತು ಮಲ್ಟಿಮೀಟರ್ ಹಾಕಿದೆ. ಜಿಗಣೆ ಕಾಲಿಗೆ ಹತ್ತದ ಹಾಗೆ ಅಮ್ಮ ಸುಣ್ಣ ಹೊಗೆಸೊಪ್ಪು ಹಚ್ಚಿ ಕಳಿಸಿದ್ರು. ಹಿಂದಿನ ದಿನ ಪೂರ್ತಿ ಮೋಡ, ರಾತ್ರಿ ಸೂಪರ್ ಕೆಪಾಸಿಟರ್ ಖಾಲಿ ಆಗಿತ್ತು, ಸೊನ್ನೆಯಿಂದ ಶುರು ಆಗ್ಬೇಕು, ನಂಗೆ ಬೇಕಿದ್ದೂ ಅಂಥ ಬೆಳಗೇ.

ಆರು ಗಂಟೆಗೆ ಪ್ಯಾನೆಲ್ 0.2 ವೋಲ್ಟ್. ಆರೂ ಹತ್ತಕ್ಕೆ 1.6. ಮರದಿಂದ ಹನಿ ಬೀಳೋ ಸದ್ದು ಬಿಟ್ರೆ ಏನಿಲ್ಲ, ಮೀಟರಿನ ಕೊನೇ ಅಂಕಿ ಒಂದೊಂದಾಗಿ ಏರ್ತಾ ಇದೆ, ಹಾಲು ಕಾಯೋಕಿಟ್ಟು ಕಾಯ್ತಾ ನಿಂತ ಹಾಗೆ. ಆರೂ ಇಪ್ಪತ್ತಕ್ಕೆ 3 ವೋಲ್ಟ್ ದಾಟಿತು, 2.7ಕ್ಕೇ ಚಿಪ್ ಏಳ್ಬೇಕಿತ್ತು, ಏಳ್ಲಿಲ್ಲ. 4.1 ಆಯ್ತು. ಅಳತೆಗೋಲಿನ ವೋಲ್ಟೇಜ್ ಹೊರಗೆ ಸಿಗೋ ರೆಫರೆನ್ಸ್ ಪಿನ್ನಿಗೆ ಮೀಟರಿನ ಪ್ರೋಬ್ ಇಟ್ಟೆ, ಸೊನ್ನೆ. 1.2 ಇರ್ಬೇಕಾದ ಕಡೆ ಮೂರೂ ಸೊನ್ನೆ. "ಈಗ ಕಿತ್ತು ಸಿಕ್ಸು" ಅಂದ್ರು ಅಪ್ಪ. ಪ್ಯಾನೆಲ್ಲಿನ ಕನೆಕ್ಟರ್ ಎಳೆದು ಮತ್ತೆ ಹಾಕಿದೆ, ರೆಫರೆನ್ಸ್ ಟಕ್ ಅಂತ 1.21ಕ್ಕೆ ಬಂತು, ಹಸಿರು ಲೈಟು ಮಿಣುಕ್ತು. ನಾನು ಅಲ್ಲೇ ಮೊಬೈಲಲ್ಲಿ ಲೆಕ್ಕ ಹಾಕಿದೆ.

ಕೆಪಾಸಿಟರ್ ಕರೆಂಟ್ ಅಂದ್ರೆ ಕೆಪಾಸಿಟನ್ಸ್ ಇಂಟು ವೋಲ್ಟೇಜ್ ಏರೋ ವೇಗ. ಲ್ಯಾಬಲ್ಲಿ ಸ್ವಿಚ್ ಒತ್ತಿದ್ರೆ 100 ಮೈಕ್ರೋಸೆಕೆಂಡಲ್ಲಿ 3 ವೋಲ್ಟ್ ಬರತ್ತೆ, ಆಗ 5 ಪಿಕೋಫ್ಯಾರಡ್ ಮೂಲಕ 150 ನ್ಯಾನೋ ಆಂಪ್ ತಟ್ಟು. ಬೇಕಾದಷ್ಟಾಯ್ತು. ಮಲೆನಾಡಿನ ಮೋಡದ ಬೆಳಗಲ್ಲಿ ಅದೇ 3 ವೋಲ್ಟ್ ಬರೋಕೆ 20 ನಿಮಿಷ, ಅಂದ್ರೆ 1200 ಸೆಕೆಂಡ್, ಒಂದು ಕೋಟಿಗೂ ಹೆಚ್ಚು ಪಟ್ಟು ನಿಧಾನ. ತಟ್ಟು ಎಷ್ಟು? 12.5 ಫೆಮ್ಟೋ ಆಂಪ್, ನ್ಯಾನೋದ ಹತ್ತು ಲಕ್ಷದಲ್ಲೊಂದು ಪಾಲೇ ಫೆಮ್ಟೋ. ಟ್ರಾನ್ಸಿಸ್ಟರಿನ ಸಹಜ ಸೋರಿಕೆಯಲ್ಲೇ ಕಳೆದು ಹೋಗೋವಷ್ಟು. ನಾನು ಇಟ್ಟಿದ್ದ ಎಬ್ಬಿಸೋ ಕೈ ಆ ಬೆಳಗಲ್ಲಿ ಚಿಪ್ಪನ್ನ ಮುಟ್ಟೇ ಇಲ್ಲ. ಬಿಸಿಲಿದ್ದ ದಿನ ಯಾಕೆ ಸಮಸ್ಯೆ ಇರ್ಲಿಲ್ಲ ಅಂದ್ರೆ ಹಿಂದಿನ ದಿನದ ಚಾರ್ಜ್ ರಾತ್ರಿ ದಾಟಿಸ್ತಿತ್ತು, ಚಿಪ್ ಮಲಗ್ತಾನೇ ಇರ್ಲಿಲ್ಲ. ಒಂದು ಪಕ್ಷ ಮಲಗಿದ್ರೂ ಎಲೆ ನೆರಳು ಪ್ಯಾನೆಲ್ ಮೇಲೆ ಅಲ್ಲಾಡಿ ವೋಲ್ಟೇಜ್ ಸರಕ್ಕನೆ ಏರಿಳಿದು ಎದ್ದಿರ್ಬಹುದು. ದಟ್ಟ ಮೋಡದಲ್ಲಿ ನೆರಳೇ ಇಲ್ಲ. ಮೇಲಾಗಿ ಸೋರಿಕೆ ಕರೆಂಟು ಸುಮಾರು 10 ಡಿಗ್ರಿ ಬಿಸಿ ಏರಿದ್ರೆ ಎರಡು ಪಟ್ಟಾಗತ್ತೆ, ಬೆಂಗಳೂರಿನ ಲ್ಯಾಬಲ್ಲಿ ಬಿಸಿಯಾದ ಬೋರ್ಡಿನ ಮೇಲೆ ಅದೇ ಒಂಚೂರು ಸಹಾಯ ಮಾಡಿರತ್ತೆ, ತೋಟದ ಥಂಡೀಲಿ ಅದೂ ಇಲ್ಲ.

ಈ ಚಿಪ್ಪಲ್ಲಿ ಯುವಿಎಲ್‌ಒ ಇರ್ಲಿಲ್ವಾ ಅಂತ ಈ ಫೀಲ್ಡಿನವರು ಕೇಳ್ತಾರೆ. ಇತ್ತು. ಅಂಡರ್ ವೋಲ್ಟೇಜ್ ಲಾಕ್ಔಟ್, ಸಪ್ಲೈ ಕಮ್ಮಿ ಇದ್ದಾಗ ಚಿಪ್ಪನ್ನ ತಡೆದು ಹಿಡಿಯೋದು. ಇದನ್ನ ನಾನು ಕಲಿತದ್ದು ಕಾಲೇಜಲ್ಲಲ್ಲ, ಮನೇಲಿ. ನಮ್ಮ ಹಳ್ಳ ಪಕ್ಕದ ಪಂಪ್‌ಸೆಟ್ ಶೆಡ್ಡಲ್ಲಿ ಅಪ್ಪ ಸ್ಟಾರ್ಟರ್ ಒತ್ತೋಕೆ ಮುಂಚೆ ಬಲ್ಬ್ ನೋಡ್ತಾರೆ, ಕೆಂಪಗೆ ಮಂಕಾಗಿ ಉರೀತಿದ್ರೆ ಒತ್ತಲ್ಲ. ಒತ್ತಿದ್ಮೇಲೂ ಮೋಟ್ರು ಗುಂಯ್ ಅನ್ನೋ ಸದ್ದು ಒಂಚೂರು ದಪ್ಪ ಆದ್ರೆ ಓಡಿ ಹೋಗಿ ಆಫ್ ಮಾಡ್ತಾರೆ, ವೋಲ್ಟೇಜ್ ಕಮ್ಮಿ ಆದಾಗ ಮೋಟ್ರು ಕರೆಂಟ್ ಜಾಸ್ತಿ ಎಳೆದು ವೈಂಡಿಂಗ್ ಸುಡತ್ತೆ, ರಿವೈಂಡಿಂಗಿಗೆ ಸಕಲೇಶಪುರಕ್ಕೆ ಹೊತ್ಕೊಂಡು ಹೋಗ್ಬೇಕು. ಇನ್ನು ಹಳೇ ಟಿವಿ ಸ್ಟೆಬಿಲೈಜರ್, ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಗಡಿ ಹತ್ರ ಬಂದಾಗ ಒಳಗಿನ ರಿಲೇ ಟಕ ಟಕ ಟಕ ಅಂತ ಹೊಡ್ಕೊಳ್ತಿತ್ತು. ಆನ್ ಮಾಡಿದ್ರೆ ಲೋಡ್ ಬಿದ್ದು ವೋಲ್ಟೇಜ್ ಇಳಿಯತ್ತೆ, ಇಳಿದಿದ್ದಕ್ಕೆ ಆಫ್, ಆಫ್ ಆದ್ರೆ ವೋಲ್ಟೇಜ್ ಏರತ್ತೆ, ಏರಿದ್ದಕ್ಕೆ ಆನ್. ಹಿಸ್ಟರೆಸಿಸ್ ಅಂತ ಪಾಠದಲ್ಲಿ ಬಂದಾಗ ನಂಗೆ ಆ ಸದ್ದೇ ಕೇಳಿಸ್ತು. ಅದಕ್ಕೇ ನಮ್ಮ ಚಿಪ್ಪಲ್ಲಿ 2.7ಕ್ಕೆ ಎದ್ರೆ 2.5ಕ್ಕೆ ಇಳಿದಾಗಷ್ಟೇ ಮಲಗೋದು, ನಡುವೆ ಅಂತರ ಇರತ್ತೆ.

ಆದ್ರೆ ಯುವಿಎಲ್‌ಒ ನೋಡೋದೂ ಬ್ಯಾಂಡ್‌ಗ್ಯಾಪ್ ಅಳತೆಗೋಲನ್ನೇ, ವೋಲ್ಟೇಜ್ ಹೋಲ್ಸಿ ನೋಡೋ ಅದರ ಕಂಪ್ಯಾರೇಟರಿಗೆ ನಡೆಯೋಕೆ ಬೇಕಾದ ಕರೆಂಟ್ ಬರೋದೂ ಅಲ್ಲಿಂದಾನೇ. ಅಳತೆಗೋಲೇ ಮಲಗಿದ್ರೆ ಕಾವಲುಗಾರನೂ ಮಲಗಿದ ಹಾಗೆ.

ನಾನು ಓದಿದ್ದು ಹಾಸನದಲ್ಲಿ, ಮಲ್ನಾಡ್ ಕಾಲೇಜಲ್ಲಿ. ಅದೇ ಸಾಲಗಾಮೆ ರೋಡಲ್ಲೇ ಇಸ್ರೋದ ಎಂಸಿಎಫ್, ಉಪಗ್ರಹ ನಿಯಂತ್ರಣ ಕೇಂದ್ರ, ಇದೆ, 36,000 ಕಿಲೋಮೀಟರ್ ಮೇಲಿರೋ ಇನ್ಸ್ಯಾಟ್ ಉಪಗ್ರಹಗಳನ್ನ 1982ರಿಂದ ಅಲ್ಲಿಂದ ನೋಡ್ಕೊಳ್ತಿದಾರೆ. ನಮಗೆ ಪಾಠ ಮಾಡ್ತಿದ್ದ ಒಬ್ಬರು ಮೇಡಂ ಒಂದಿನ ಕ್ಲಾಸಲ್ಲಿ ಹೇಳಿದ್ರು, ಮಾರ್ಚ್ ಮತ್ತೆ ಸೆಪ್ಟೆಂಬರಲ್ಲಿ ಹಗಲು ರಾತ್ರಿ ಸಮ ಆಗೋ ಸಮಯದ ಆಚೀಚೆ ಸುಮಾರು 45 ದಿನ ಆ ಉಪಗ್ರಹಗಳು ದಿನಾ ಭೂಮಿ ನೆರಳಿಗೆ ಬೀಳ್ತಾವೆ, ಜಾಸ್ತಿ ಅಂದ್ರೆ 70 ನಿಮಿಷದ ಹತ್ರ, ಆ ಹೊತ್ತಲ್ಲಿ ಪೂರ್ತಿ ಬ್ಯಾಟರಿ ಮೇಲೇ ಬದುಕಬೇಕು ಅಂತ. ನಾನು ಆ ಸಂಜೆ ಬಸ್ಸಲ್ಲಿ ಆ ದೊಡ್ಡ ಡಿಶ್‌ಗಳನ್ನ ನೋಡ್ತಾ, ನೆರಳಿಂದ ಹೊರಗೆ ಬಂದಾಗ ಪ್ಯಾನೆಲ್ ಹೇಗೆ ಏಳತ್ತೆ ಅಂತ ಯೋಚಿಸಿದ್ದೆ. ಪವರ್ ಕಡೆ ನಾನು ಬಂದದ್ದು ಅವತ್ತಿಂದಾನೇ. ತೋಟದಲ್ಲಿ ಗೋಣಿಚೀಲದ ಮೇಲೆ ಕೂತಿದ್ದಾಗ ಅದು ನೆನಪಾಗಿ ಗಂಟಲು ಕಟ್ತು, ಹತ್ತು ವರ್ಷದ ಹಿಂದೆ ಸರಿಯಾದ ಪ್ರಶ್ನೆ ಕೇಳಿದ್ದೆ, ಚಿಪ್ ಮಾಡುವಾಗ ಅದನ್ನ ಕೇಳ್ಲಿಲ್ಲ.

ವಾಪಸ್ ಬಂದು ಸಿಮ್ಯುಲೇಶನ್ ಹಾಕಿದೆ, ಅಂದ್ರೆ ಸರ್ಕ್ಯೂಟನ್ನ ಕಂಪ್ಯೂಟರಲ್ಲೇ ನಡೆಸಿ ನೋಡೋದು, 20 ನಿಮಿಷದ ನಿಧಾನ ಏರಿಕೆ. ಏನಾಯ್ತು ಗೊತ್ತಾ, ಚಿಪ್ ಎದ್ದುಬಿಡ್ತು! ತೋಟದಲ್ಲಿ ಏಳದ್ದು ಕಂಪ್ಯೂಟರಲ್ಲಿ ಆರಾಮಾಗಿ ಏಳ್ತಿದೆ. ಎರಡು ದಿನ ತಲೆ ಕೆಡ್ತು. ಆಮೇಲೆ ಟೀಮಿನ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತು "ಜಿಮಿನ್ ಎಷ್ಟಿಟ್ಟಿದೀಯಮ್ಮ" ಅಂತ ಕೇಳಿದ್ರು.

ಇದು ಈ ಕೆಲಸ ಮಾಡೋ ಹುಡುಗರು ಹುಡುಗೀರು ದಯವಿಟ್ಟು ಗಮನ ಇಟ್ಟು ಓದಿ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್ ಅನ್ನೋ ಸಿಮ್ಯುಲೇಟರ್, ಅದರ ವಂಶದ ಸಿಮ್ಯುಲೇಟರ್‌ಗಳು, ಲೆಕ್ಕ ಸಿಕ್ಕಿಹಾಕ್ಕೊಳ್ದೇ ಇರ್ಲಿ ಅಂತ ಪ್ರತಿ ಜಂಕ್ಷನ್ನಿಗೂ ಅಡ್ಡಲಾಗಿ ಕಣ್ಣಿಗೆ ಕಾಣದ ಒಂದು ರೆಸಿಸ್ಟರ್ ಇಟ್ಕೊಂಡಿರ್ತಾವೆ, ಅದೇ ಜಿಮಿನ್. ಡೀಫಾಲ್ಟಾಗಿ ಅದು ಒಂದು ಲಕ್ಷ ಕೋಟಿ ಓಮ್. ಬಹಳ ದೊಡ್ಡದು, ಯಾವ ಲೆಕ್ಕಕ್ಕೂ ಬರಲ್ಲ ಅನ್ಸತ್ತೆ. ಆದ್ರೆ 1 ವೋಲ್ಟಿಗೆ ಅದರಲ್ಲಿ 1 ಪಿಕೋ ಆಂಪ್, ಅಂದ್ರೆ 1000 ಫೆಮ್ಟೋ ಆಂಪ್, ಹರಿಯತ್ತೆ, ನನ್ನ ಕೆಪಾಸಿಟರ್ ಕೊಡ್ತಿದ್ದ 12.5 ಫೆಮ್ಟೋ ಆಂಪಿಗಿಂತ 80 ಪಟ್ಟು. ಅಂದ್ರೆ ಸಿಮ್ಯುಲೇಟರ್ರೇ ಕದ್ದು ಚಿಪ್ಪನ್ನ ಎಬ್ಬಿಸ್ತಿತ್ತು. ಅದರಲ್ಲಿ ಹರಿಯೋ ಕರೆಂಟ್ ಸಾವಿರ ಪಟ್ಟು ಕಮ್ಮಿ ಆಗೋ ಹಾಗೆ ಜಿಮಿನ್ ಬದಲಾಯಿಸಿ ಮತ್ತೆ ಹಾಕಿದೆ, ರನ್ ಮುಗಿಯೋಕೆ ಒಂದಿಡೀ ರಾತ್ರಿ ತಗೊಂಡ್ತು, ಬೆಳಿಗ್ಗೆ ನೋಡಿದ್ರೆ ಸಪ್ಲೈ 4 ವೋಲ್ಟಿಗೆ ಏರಿದೆ, ರೆಫರೆನ್ಸ್ ಗೆರೆ ಕೆಳಗೆ ಸೊನ್ನೇಲಿ ಉದ್ದಕ್ಕೆ ಮಲಗಿದೆ. ತೋಟದಲ್ಲಿ ಕಂಡದ್ದೇ ಸ್ಕ್ರೀನ್ ಮೇಲೆ. ಅದನ್ನ ನೋಡಿ ಆದ ಸಮಾಧಾನ ಹೇಳೋಕೆ ಬರಲ್ಲ, ತಪ್ಪು ಕೈಗೆ ಸಿಕ್ತಲ್ಲ.

ಇನ್ನೊಂದು ಪರೀಕ್ಷೆ ಆ ಹಿರಿಯರೇ ಹೇಳಿಕೊಟ್ರು. ಟೈಮ್ ಲೆಕ್ಕಕ್ಕೇ ಹೋಗ್ದೇ ಬ್ಯಾಂಡ್‌ಗ್ಯಾಪಿನ ಲೂಪನ್ನ ಒಂದು ಕಡೆ ಕತ್ತರಿಸಿ, ಹೊರಗಿಂದ ಕರೆಂಟ್ ತುಂಬ್ತಾ ಹೋಗಿ, ಒಳಗೆ ಹೋದದ್ದೂ ಹೊರಗೆ ಬಂದದ್ದೂ ಎಲ್ಲೆಲ್ಲಿ ಸಮ ಆಗತ್ತೆ ಅಂತ ನೋಡೋದು. ಸಮ ಆಗೋ ಪ್ರತಿ ಜಾಗಾನೂ ಆ ಸರ್ಕ್ಯೂಟ್ ನಿಲ್ಲಬಹುದಾದ ಒಂದು ತಾಣ. ಒಂದೇ ಇರ್ಬೇಕು. ನನ್ನದರಲ್ಲಿ ಸೊನ್ನೆ ಹತ್ರ ಇನ್ನೊಂದಿತ್ತು. ಹತ್ತು ನಿಮಿಷದ ಕೆಲಸ ಇದು, ಟೇಪ್ಔಟಿಗೆ, ಅಂದ್ರೆ ಡಿಸೈನನ್ನ ಫ್ಯಾಬಿಗೆ ಕಳಿಸೋಕೆ, ಮುಂಚೆ ಯಾರೂ ಮಾಡಿರ್ಲಿಲ್ಲ.

ಸರಿಪಡಿಸೋದು ಅಂದ್ರೆ ಸಾಫ್ಟ್‌ವೇರ್ ಥರ ಸಂಜೆ ಅಪ್‌ಡೇಟ್ ಬಿಡೋದಲ್ಲ. ಎಲ್ಲಾ ಮಾಸ್ಕ್, ಅಂದ್ರೆ ಸಿಲಿಕಾನ್ ಮೇಲೆ ಪದರ ಪದರವಾಗಿ ಸರ್ಕ್ಯೂಟ್ ಮೂಡಿಸೋ ಅಚ್ಚುಗಳನ್ನ, ಮತ್ತೆ ಮಾಡಿಸಿದ್ರೆ ದುಡ್ಡು ಸುರೀಬೇಕು. ಪುಣ್ಯಕ್ಕೆ ಲೇಔಟಲ್ಲಿ ಖಾಲಿ ಜಾಗ ಇದ್ದ ಕಡೆ ಕನೆಕ್ಷನ್ ಕೊಡದ ಸ್ಪೇರ್ ಟ್ರಾನ್ಸಿಸ್ಟರ್‌ಗಳನ್ನ ಇಟ್ಟಿದ್ವಿ, ಅದರಲ್ಲಿ ಉದ್ದನೆಯ ಆರನ್ನ ಸಾಲಾಗಿ ಜೋಡಿಸಿ ಸದಾ 15 ನ್ಯಾನೋ ಆಂಪ್ ಬಿಡೋ ಒಂದು ಸಣ್ಣ ದಾರಿ ಮಾಡಿದೆ. ಸಪ್ಲೈ ಎಷ್ಟೇ ನಿಧಾನಕ್ಕೆ ಬರ್ಲಿ, ಒಂದಲ್ಲಾ ಒಂದು ಹೊತ್ತಿಗೆ ಬ್ಯಾಂಡ್‌ಗ್ಯಾಪ್ ಎದ್ದೇ ಏಳತ್ತೆ, ಎದ್ಮೇಲೆ ಆ ಕರೆಂಟ್ ಲೂಪಿಗೆ ಹೋಗದ ಹಾಗೆ ಪಕ್ಕಕ್ಕೆ ತಿರುಗತ್ತೆ. ಕನೆಕ್ಷನ್ ಕೊಡೋ ಎರಡು ಮೆಟಲ್ ಪದರದ ಮಾಸ್ಕ್ ಮಾತ್ರ ಬದಲು. ಡೇಟಾಶೀಟಲ್ಲಿ 600 ಇದ್ದದ್ದು 615 ಆಯ್ತು, 600 ಅಂತ ಮಾತು ಕೊಟ್ಟಾಗಿದೆ ಅಂತ ಮೀಟಿಂಗಲ್ಲಿ ಆಕ್ಷೇಪ ಬಂತು. ನಾನು ಪ್ರೊಜೆಕ್ಟರಲ್ಲಿ ಅಪ್ಪನ ರಿಜಿಸ್ಟರ್ ಪುಟ ಹಾಕಿ, ಆ 9 ದಿನಕ್ಕೆ ಕೆಂಪು ಗೆರೆ ಎಳೆದು ತೋರಿಸಿದೆ. ಆಮೇಲೆ ಯಾರೂ ಮಾತಾಡ್ಲಿಲ್ಲ, ಸೈನ್ ಆಯ್ತು.

ಹನ್ನೊಂದು ವಾರ ಆದ್ಮೇಲೆ ಹೊಸ ಸ್ಯಾಂಪಲ್ ಬಂತು. ಥರ್ಮಲ್ ಚೇಂಬರಲ್ಲಿಟ್ಟು ಮೈನಸ್ 40ರಲ್ಲಿ, 25ರಲ್ಲಿ, 125ರಲ್ಲಿ, 1 ಮೈಕ್ರೋಸೆಕೆಂಡಿಂದ ಹಿಡಿದು 1 ಗಂಟೆವರೆಗಿನ ಏರಿಕೆ ಕೊಟ್ಟು 30 ಪೀಸ್ ನೋಡಿದ್ವಿ. ಎಲ್ಲಾ ಎದ್ವು. ಈಗ ನಮ್ಮ ಟೀಮಲ್ಲಿ ಯಾವ ಚಿಪ್ ಬಂದ್ರೂ ಆ ಒಂದು ಗಂಟೆಯ ಏರಿಕೆ ಕಡ್ಡಾಯ, ಚೆಕ್‌ಲಿಸ್ಟಲ್ಲಿ ಅದರ ಹೆಸರು ಸಕಲೇಶಪುರ ಟೆಸ್ಟ್ ಅಂತಾನೇ ಇದೆ. ಚೆನ್ನೈ ಕಡೆ ಹುಡುಗ ಒಬ್ಬ ಇದಾನೆ, ಅವನಿಗೆ ಊರಿನ ಹೆಸರು ಹೇಳೋಕೆ ಬರಲ್ಲ, ಆದ್ರೂ ತಪ್ಪದೇ ರನ್ ಮಾಡ್ತಾನೆ.

ಹೊಸ ಚಿಪ್ ಹಾಕಿದ ಮಾಪಕ ಈ ಮೇ ತಿಂಗಳಲ್ಲಿ ಅದೇ ಕಂಬಕ್ಕೆ ಕಟ್ಟಿದೆ. ಜೂನ್ ಮೂರನೇ ವಾರ ಮಳೆ ಹಿಡಿದಾಗ ನಾಲ್ಕು ದಿನ ಸೂರ್ಯನ ಮುಖ ಕಾಣ್ಲಿಲ್ಲ, ಮೂರು ರಾತ್ರಿ ಕೆಪಾಸಿಟರ್ ಖಾಲಿ ಆಗಿದೆ, ಮೂರೂ ಬೆಳಿಗ್ಗೆ ಆರೂಕಾಲು ಆಸುಪಾಸಿಗೆ ಮೊದಲ ಮೆಸೇಜ್ ಬಂದಿದೆ. ನಾನು ಬೆಂಗಳೂರಲ್ಲಿ ಅಲಾರಾಂ ಇಟ್ಕೊಂಡು ಎದ್ದು ಫೋನ್ ಹಿಡ್ಕೊಂಡು ಕೂತಿದ್ದೆ.

ನಾಲ್ಕನೇ ದಿನ ಎಂಟೂವರೆ ಆಗ್ತಿದ್ದ ಹಾಗೆ ಅಪ್ಪಂದೇ ಫೋನು. "ನಂದು ಮೂರಿಂಚು ನಲವತ್ ಸೆಂಟ್. ನಿಂದೆಷ್ಟವ್ವ?"

"ಮೂರಿಂಚು ಇಪ್ಪತ್ತೆಂಟಪ್ಪ. ಒಂದು ಗಂಟೆ ಡೇಟಾನೂ ತಪ್ಪಿಲ್ಲ, ರಾತ್ರಿ ಖಾಲಿಯಾದ ಹೊತ್ತು ಬಿಟ್ಟು."

"ಹನ್ನೆರಡು ಸೆಂಟ್ ಎಲ್ಲೋಯ್ತು ಹಂಗಾರೆ?"

ಮಾಪಕ ಮಲಗಿದ್ದ ಆ ಎರಡು ಗಂಟೇಲಿ ಹೋದದ್ದು ಸ್ವಲ್ಪ ಇರತ್ತೆ. ಇನ್ನು ಸ್ವಲ್ಪ ಬಕೆಟ್ಟಿಂದು, ಮಳೆ ಬಿರುಸಾದಾಗ ಅದು ಮಗುಚೋ ಕ್ಷಣದಲ್ಲಿ ಬೀಳೋ ನೀರು ಲೆಕ್ಕಕ್ಕೆ ಸಿಗಲ್ಲ, ಆ ಥರದ ಎಲ್ಲಾ ಮಾಪಕಕ್ಕೂ ಇರೋ ತೊಂದರೆ ಅದು, ಮಳೆ ವೇಗಕ್ಕೆ ತಕ್ಕ ಹಾಗೆ ತಿದ್ದುಪಡಿ ಹಾಕ್ಬೇಕು. ಶನಿವಾರ ಊರಿಗೆ ಹೋಗ್ತಿದೀನಿ. ಅಪ್ಪನ ಗಾಜಿನ ಜಾರಲ್ಲೇ ನೀರು ಅಳೆದು, ಡ್ರಿಪ್ ಸೆಟ್ಟಲ್ಲಿ ಬೇರೆ ಬೇರೆ ವೇಗಕ್ಕೆ ಬಿಟ್ಟು, ಒಂದೊಂದಕ್ಕೂ ಎಷ್ಟು ಸಲ ಮಗುಚತ್ತೆ ಅಂತ ಎಣಿಸ್ಬೇಕು. ಅಪ್ಪ ಆಗಲೇ ಜಾರ್ ತೊಳೆದಿಟ್ಟಿದಾರಂತೆ.